ರೆಕಾರ್ಡಿನ ತೂತಿಗೆ ಚುಚ್ಚಿದ ವೈರು

ಶೈಲಜಾ,

"ಇದು ನನ್ ದನಿಯಾ? ತಗಡು ಬಡ್ದಂಗೈತೆ!" ಎಂದು ನಿಮ್ಮಮ್ಮ ಅವತ್ತು ತನ್ನ ಹಾಡಿನ ಸಿ.ಡಿ. ಕೇಳಿ ಕಿರುಚಿದಳು. "ನಿನ್ ಗಂಟಲೇ ಅಷ್ಟು ಕಣೇ, ಪೆಟ್ಗೆ ಏನ್ಮಾಡುತ್ತೆ?" ಎಂದುಬಿಟ್ಟೆ. ಅದೂ ಓರಗಿತ್ತಿಯರ ಮುಂದೆ.

ಅವಳ ಗಂಟಲು ಚೆನ್ನಾಗೇ ಇದೆ. ಇಪ್ಪತ್ತು ವರ್ಷ ಮದುವೆಮನೆಗಳಿಗೆ ಮೈಕ್ ಸೆಟ್ ಕಟ್ಟಿದ ಅಭ್ಯಾಸ ನನ್ನದು. ಹಾಡು ಎಂದರೆ ರೆಕಾರ್ಡಿನ ತೂತಿಗೇ ಎಂದುಕೊಂಡು, ಸಿ.ಡಿ. ಪ್ಲೇಯರಿನ ವೈರನ್ನೂ ಆಂಪ್ಲಿಫೈಯರಿನ ಅದೇ ತೂತಿಗೆ ಚುಚ್ಚಿದೆ. ರೆಕಾರ್ಡಿನ ಮುಳ್ಳಿನಿಂದ ಬರುವ ಸಣ್ಣ ಸದ್ದನ್ನು ಹಿಗ್ಗಿಸುವ ತೂತು ಅದು. ಸಿ.ಡಿ. ಸದ್ದು ಮೊದಲೇ ಜೋರು, ಒಡೆದುಹೋಯಿತು.

ಇವತ್ತು ಬೆಳಿಗ್ಗೆ ಸದ್ದು ಹಿಗ್ಗಿಸದ, ಪಕ್ಕದ ಆಕ್ಸ್ ತೂತಿಗೆ ಹಾಕಿದೆ. ಅವಳ ಸೋಬಾನೆ ಪದ ಹಾಗೇ ಬಂತು. ಸಾಲಿಗೆ ಮುಂಚೆ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಅವಳೇ ವಾಪಸ್ ಬಂದಳೇನೋ ಎಂದು ಎದ್ದು ಅಡುಗೆಮನೆಗೆ ಹೋಗಿ ನೋಡಿಬಂದೆ.

ಅವಳ ತವರು ಹೋಳೂರಿಗೆ ಹೊರಟಿದ್ದೇನೆ. ಮುದ್ದೆ ಮುಚ್ಚಿಟ್ಟಿದ್ದೇನೆ. ಗಟ್ಟಿಯಾಗಿದೆ, ಗೊಣಗಬೇಡ. ವೈರು ಮುಟ್ಟಬೇಡ. ಸರಿಯಾಗಿ ನಾಲ್ಕು ಗಂಟೆಗೆ ನಿಮ್ಮ ಮಾವನ ಮನೆಗೆ ಫೋನ್ ಮಾಡಿ ಅಮ್ಮನನ್ನು ಕರೆ. ನನ್ನ ಸುದ್ದಿ ಎತ್ತಬೇಡ. ಸಿ.ಡಿ. ಹಾಕಿ ರಿಸೀವರನ್ನು ಸ್ಪೀಕರಿನಿಂದ ಒಂದು ಮೊಳ ದೂರ ಹಿಡಿ. ಹತ್ತಿರ ಹಿಡಿದರೆ ಮತ್ತೆ ಒಡೆಯುತ್ತದೆ, ಅವಳು ಮತ್ತೆ ನನ್ನನ್ನೇ ಬೈಯುತ್ತಾಳೆ.

ನಾನು ಅವರ ಜಗಲಿಯ ಮೇಲೆ ಕೂತಿರುತ್ತೇನೆ. ಆರು ದಿನದ ಹಿಂದೆ ನನ್ನ ಆ ಮಾತಿಗೆ ಅವಳು ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದಳು. ಅದನ್ನು ಚೀಲದಲ್ಲಿಟ್ಟುಕೊಂಡಿದ್ದೇನೆ. ಅವಳು ಅದನ್ನು ಮೆಟ್ಟಿ ಹೊರಡದಿದ್ದರೆ ನಾನೂ ಈ ಮನೆಗೆ ಬರುವುದಿಲ್ಲ.

ಅಪ್ಪ