ಹಳದಿ ಶೀಟಿನ ಕೆಳಗೆ

ಹುಣಸೂರು,
ಸೆಪ್ಟೆಂಬರ್ 3, ಬುಧವಾರ

ಪ್ರೀತಿಯ ತಮ್ಮ ಶಂಶುದ್ದೀನನಿಗೆ ನಿನ್ನ ಆಪಾಳ ಸಲಾಂ.

ಹೇಗಿದ್ದೀಯಪ್ಪ? ದಮ್ಮಾಮಿನ ಸೆಕೆ ಸ್ವಲ್ಪವಾದರೂ ಇಳಿದಿದೆಯೇ? ಲಾರಿಯಲ್ಲಿ ಕೂತೂ ಕೂತೂ ನಿನ್ನ ಸೊಂಟ ಹಿಡಿದುಕೊಂಡಿದೆ ಎಂದು ನಿನ್ನ ಹೆಂಡತಿ ಮೆಹನಾಜ್ ಹೇಳಿದಳು. ಬಿಸಿನೀರಿನ ಕಾವು ಕೊಟ್ಟುಕೋ, ಕಂಡಕಂಡ ಮಾತ್ರೆ ನುಂಗಬೇಡ. ಅವಳು, ನಿನ್ನ ಮಗಳು ಇಬ್ಬರೂ ಚೆನ್ನಾಗಿದ್ದಾರೆ. ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದ ಆಗುವುದಿಲ್ಲ. ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಪುಟಕ್ಕೆ ನಾಲ್ಕಾರು ಸಾಲು ಹಿಡಿದರೆ ಹೆಚ್ಚು. ಪಿರಿಯಾಪಟ್ಟಣದ ಒಬ್ಬರು ಶುಕ್ರವಾರ ಅಲ್ಲಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಈ ಕಟ್ಟು ಬರುತ್ತದೆ. ಪೂರ್ತಿ ಓದು.

ನಿನ್ನ ಹೆಂಡತಿಯ ತಮ್ಮ ದಾನಿಶ್ ನಿನಗೆ ಹೇಳಿದ್ದು ನಿಜ. ಗೌರಿ ಹಬ್ಬದ ನೂಕುನುಗ್ಗಲಿನಲ್ಲಿ ಇಪ್ಪತ್ತರ ನೋಟು ಎಂದು ಇನ್ನೂರರದ್ದನ್ನು ಚಿಲ್ಲರೆಗೆ ಕೊಟ್ಟುಬಿಟ್ಟೆ. ಅಷ್ಟಕ್ಕೇ ನೀನು, ಸಾಕು ಮಾಡಿ ಆಪಾ, ಮನೆಯಲ್ಲಿ ಆರಾಮಾಗಿರಿ, ಮುಂದಿನ ತಿಂಗಳು ಬಂದು ಬಳೆ ಅಂಗಡಿಯನ್ನು ದಾನಿಶನಿಗೆ ವಹಿಸಿ ಹೋಗುತ್ತೇನೆ ಎಂದೆ. ಅವನು ಅಲ್ಲಿ ಮೊಬೈಲ್ ಕವರ್ ಮಾರುತ್ತಾನಂತೆ. ಅಂಗಡಿ ಇನ್ನೂ ತೀರಿಹೋದ ಅಬ್ಬಾನ ಹೆಸರಿನಲ್ಲೇ ಇದೆ, ನಿನ್ನ ಸಹಿ ಇಲ್ಲದೆ ಏನೂ ಆಗದು ಎಂಬುದು ನನಗೂ ಗೊತ್ತು. ಆದರೆ ನೀನು ಹೇಳಿದ್ದು ಆಗುವುದಿಲ್ಲ. ಆರಾಮು ಅಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿದೆ. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಕಣ್ಣು ಕೆಟ್ಟಿತೆಂದು ಶಾಲೆ ಬಿಡಿಸಿದ ಮೇಲೆ ಅಮ್ಮಿ ಸಾಯುವ ತನಕ ಅಡುಗೆಮನೆಯ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿದಿದ್ದೇನೆ. ಅಬ್ಬಾನ ಕೈ ನಡುಗಲು ಶುರುವಾಗಿ ಬೇರೆ ದಿಕ್ಕಿಲ್ಲದೆ ನನ್ನನ್ನು ಅಂಗಡಿಗೆ ಕರೆದರು. ಅವತ್ತಿನಿಂದ ನಾನು ಮನುಷ್ಯಳಾದೆ. ಅದನ್ನು ಬಿಟ್ಟುಕೊಡುವುದಿಲ್ಲ.

ನನ್ನ ಕಣ್ಣು ಹೇಗೆಂದು ನೀನು ಒಂದು ದಿನವೂ ಕೇಳಿದವನಲ್ಲ, ಕೇಳಿಸಿಕೋ. ನೇರ ನೋಡಿದ ಜಾಗದಲ್ಲಿ ಮಂಜು, ಸುತ್ತಲ ಅಂಚೆಲ್ಲ ಕಾಣುತ್ತದೆ. ಅಂಕಿ ಕಾಣದು, ಬಣ್ಣ ಕಾಣುತ್ತದೆ. ಬಳೆ ವ್ಯಾಪಾರಕ್ಕೆ ಅಷ್ಟು ಸಾಕು. ಹೆಂಗಸರ ಕೈ ಹಿಡಿದು ಹೆಬ್ಬೆರಳ ಬುಡ ಒತ್ತಿದರೆ ಅಳತೆ ನನಗೆ ಸಿಗುತ್ತದೆ. ನೋಟೂ ಹಾಗೆಯೇ. ಹತ್ತು ಕಂದು, ಐವತ್ತು ನೀಲಿ, ನೂರು ನೇರಳೆ, ಐನೂರು ಬೂದಿ. ಓದು ಬಾರದ ಎಷ್ಟೋ ಹೆಂಗಸರು ಸಂತೆಯಲ್ಲಿ ವ್ಯವಹಾರ ಮಾಡುವುದು ಇದೇ ಲೆಕ್ಕದಲ್ಲಿ. ಸ್ಕೂಲು ಬಿಟ್ಟ ಮೇಲೆ ನಿನ್ನ ಮಗಳು ಜೋಯಾ ದಿನಾ ಅಂಗಡಿಗೆ ಬಂದು ನನ್ನ ಪಕ್ಕ ಕೂರುತ್ತಾಳೆ. ನೋಟನ್ನು ಹೇಗೆ ಗುರುತಿಸುತ್ತೀರಿ ಫುಪ್ಪೂ ಎಂದು ಒಂದೇ ಸಮ ಕೇಳಿದಳು, ಹೇಳಿಕೊಟ್ಟೆ. ಆಮೇಲೆ ಅವಳೇ ಮೊಬೈಲನ್ನು ಮೂಗಿಗೆ ಅಂಟಿಸಿಕೊಂಡು ಹುಡುಕಿದಳು. ಓದಲು ಬಾರದವರಿಗೆ, ಕಣ್ಣು ಮಂದವಾದವರಿಗೆ ಥಟ್ಟನೆ ಗೊತ್ತಾಗಲಿ ಎಂದೇ ಎಷ್ಟೋ ದೇಶಗಳು ಒಂದೊಂದು ನೋಟಿಗೆ ಒಂದೊಂದು ಬಣ್ಣ, ಒಂದೊಂದು ಅಳತೆ ಇಟ್ಟಿವೆಯಂತೆ. ಅಮೆರಿಕದಲ್ಲಿ ಎಲ್ಲವೂ ಒಂದೇ ಅಳತೆ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಅಲ್ಲಿಯ ಕುರುಡರು ಸುಮ್ಮನೆ ಕೂರದೆ ಸರ್ಕಾರದ ಮೇಲೆಯೇ ಕೇಸು ಹಾಕಿ ಗೆದ್ದರಂತೆ. ಅದನ್ನು ಓದಿ ಹೇಳುವಾಗ ಹುಡುಗಿಯ ದನಿ ನೀನು ಕೇಳಬೇಕಿತ್ತು, ತಾನೇ ಗೆದ್ದು ಬಂದ ಹಾಗಿತ್ತು.

ನಾನು ಇಷ್ಟು ದಿನ ಆ ಬಣ್ಣ ಚೆಂದಕ್ಕೆ ಎಂದುಕೊಂಡಿದ್ದೆ. ನನ್ನಂಥವಳೂ ವ್ಯಾಪಾರ ಮಾಡುತ್ತಾಳೆ ಎಂದು ನೋಟು ಅಚ್ಚು ಹಾಕುವವರು ನೆನೆಸಿಕೊಂಡಿದ್ದಾರೆ, ಒಡಹುಟ್ಟಿದ ನೀನು ನೆನೆಸಿಕೊಳ್ಳಲಿಲ್ಲ. ದಮ್ಮಾಮಿಗೆ ಹೋದ ಹೊಸದರಲ್ಲಿ ಡೀಸೆಲ್ ಬಂಕಿನಲ್ಲಿ ಅಂಕಿ ನೋಡದೆ ಬಣ್ಣ ನೋಡಿಯೇ ರಿಯಾಲು ಕೊಡುತ್ತಿದ್ದೆ ಎಂದು ನೀನೇ ಹೇಳಿ ನಕ್ಕಿದ್ದೆ. ಆಗ ನಿನ್ನ ಕೈಯಿಂದ ಲಾರಿ ಕಿತ್ತುಕೊಳ್ಳಬೇಕು ಎಂದು ಯಾರೂ ಹೇಳಲಿಲ್ಲ.

ಹಾಗಾದರೆ ತಪ್ಪು ಹೇಗಾಯಿತು? ಮಳೆಗಾಲಕ್ಕೆಂದು ನೀನು ದುಡ್ಡು ಕಳಿಸಿದೆ, ದಾನಿಶ್ ಅಂಗಡಿಯ ಮುಂದಿದ್ದ ಹಳೇ ಬಿಳಿ ಟಾರ್ಪಾಲು ತೆಗೆದು ಹಳದಿ ಫೈಬರ್ ಶೀಟು ಹಾಕಿಸಿದ. ಬಳೆ ಅಂಗಡಿಗೆ ಬಿಳಿ ನೆರಳೇ ಬೇಕು, ರವಿಕೆ ಕಣ ಹಿಡಿದು ಬಂದವರಿಗೆ ಬಣ್ಣದಲ್ಲಿ ಮೋಸವಾಗಬಾರದು ಎನ್ನುತ್ತಿದ್ದರು ಅಬ್ಬಾ. ಸೋರುವುದು ನಿಂತಿತಲ್ಲ ಎಂಬ ಖುಷಿಯಲ್ಲಿ ನಮಗೆ ಯಾರಿಗೂ ಅದು ನೆನಪಾಗಲಿಲ್ಲ. ಹಬ್ಬದ ಹಿಂದಿನ ದಿನ ಬೆಟ್ಟದಪುರದ ಪುಟ್ಟಮಲ್ಲಮ್ಮ ಬಂದು ಮಗಳ ಸೀಮಂತಕ್ಕೆ ಹಸಿರು ಬಳೆ ಕೇಳಿದರು. ಆರಿಸಿ ಕೊಟ್ಟವನು ಹಬ್ಬದ ಸಹಾಯಕ್ಕೆ ಬಂದಿದ್ದ ದಾನಿಶ್, ಚಿಲ್ಲರೆ ಕೊಟ್ಟವಳು ನಾನು. ಹಬ್ಬ ಕಳೆದ ಮೇಲೆ ಆಯಮ್ಮ ಬಳೆಯ ಡಬ್ಬಿ ಹಿಡಿದುಕೊಂಡು ವಾಪಸ್ ಬಂದರು.

"ಅಸ್ರು ಬಳೆ ಅಂದ್ಕಂಡು ತಕ್ಕೊಂಡೋದೆ ಕಣಕ್ಕ. ಬಸ್ ಇಳ್ದು ಬಿಸ್ಲಲ್ಲಿ ನೋಡುದ್ರೆ ನೀಲಿ. ನೀವು ಕೊಟ್ಟ ಇಪ್ಪತ್ತೂ ಇನ್ನೂರಾಗ್ಬುಟ್ಟದೆ. ನನ್ ಕಣ್ಣು ನೆಟ್ಗೇ ಅದೆ, ನಿಮ್ಮಂಗ್ಡೀಲೆ ಏನೋ ಅದೆ."

ಆ ನೋಟನ್ನೂ ಒಂದು ಇಪ್ಪತ್ತರದ್ದನ್ನೂ ಹಿಡಿದು ಶೀಟಿನಾಚೆ ರಸ್ತೆಗೆ ಹೋದೆ. ಬಿಸಿಲಿನಲ್ಲಿ ಇಪ್ಪತ್ತರದ್ದು ಹಸಿರಿಗೆ ತಿರುಗಿತು, ಇನ್ನೂರರದ್ದು ಅರಿಶಿನದ ಬಣ್ಣದಲ್ಲೇ ಉಳಿಯಿತು. ಒಳಗೆ ಬಂದರೆ ಎರಡೂ ಒಂದೇ ಹಳದಿ. ನೀಲಿ ಬಳೆಯೂ ಅಷ್ಟೇ, ಶೀಟಿನ ಕೆಳಗೆ ಅಪ್ಪಟ ಹಸಿರು. ದಾನಿಶ್ ಅಲ್ಲೇ ನಿಂತಿದ್ದ. ನಿನಗೆ ನೋಟಿನ ಸುದ್ದಿ ಮುಟ್ಟಿಸಿದ, ಬಳೆಯ ಸುದ್ದಿ ನುಂಗಿಕೊಂಡ. ಎರಡು ಕಣ್ಣೂ ಸರಿಯಿರುವವನು ತಪ್ಪಿದರೆ ಅದು ಶೀಟಿನ ತಪ್ಪು, ನಾನು ತಪ್ಪಿದರೆ ಅದು ನನ್ನ ಕಣ್ಣಿನ ತಪ್ಪು. ಇದು ಯಾವ ಊರಿನ ನ್ಯಾಯ? ಆ ಶೀಟನ್ನು ಕಳಚಿಸಿ ಹಿತ್ತಲಿನ ಕೋಳಿಗೂಡಿಗೆ ಹಾಕಿಸಿದ್ದೇನೆ, ಕೋಳಿಗಳಿಂದ ಈವರೆಗೆ ತಕರಾರು ಬಂದಿಲ್ಲ. ಬಿಳಿ ಟಾರ್ಪಾಲು ಹೊಸದಾಗಿ ಬಂದಿದೆ. ಪುಟ್ಟಮಲ್ಲಮ್ಮನ ಮಗಳು ಹಸಿರು ಬಳೆ ತೊಟ್ಟಳು. ನೀನು ಬರುವುದಾದರೆ ಬಾ, ಆದರೆ ಆ ಸಹಿ ನನ್ನ ಹೆಸರಿಗೆ ಹಾಕಲು ಬಾ. ಬೇರೆಯವರ ಹೆಸರಿಗೆ ಹಾಕುವುದಾದರೆ ಅಂಗಡಿ ಬಾಗಿಲಲ್ಲಿ ನಾನು ಕೂತಿರುತ್ತೇನೆ, ನನ್ನನ್ನು ಎತ್ತಿ ಆಚೆ ಇಟ್ಟು ಒಳಗೆ ಹೋಗು.

ಬೈದೆನೆಂದು ಊಟ ಬಿಡಬೇಡ. ನಿನ್ನ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚು ಪ್ರೀತಿಯೂ ಇದೆ. ಅಲ್ಲಾಹ್ ನಿನ್ನನ್ನೂ ನಿನ್ನ ದಾರಿಯನ್ನೂ ಕಾಯಲಿ.

ನಿನ್ನ ಆಪಾ,
ಫಾತಿಮುನ್ನೀಸಾ

ತಾ.ಕ.: ಕಟ್ಟು ಒಯ್ಯುವವರು ಬಾಗಿಲಲ್ಲಿ ಬಂದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಜೋಯಾಗೆ ಕ್ಲಾಸಿನಲ್ಲಿ ಬೋರ್ಡು ಕಾಣುತ್ತಿಲ್ಲ. ನೋಟು ಗುರುತಿಸುವುದನ್ನು ಅವಳು ಕಲಿತದ್ದು ತನಗೋಸ್ಕರ. ನನಗೆ ಶುರುವಾದದ್ದೂ ಇದೇ ವಯಸ್ಸಿನಲ್ಲಿ, ಹೀಗೆಯೇ. ನಿನಗೆ ತಿಳಿದರೆ ಶಾಲೆ ಬಿಡಿಸುತ್ತೀಯ ಎಂದು ಹೆದರಿ ತಾಯಿಗೂ ಹೇಳಿಲ್ಲ. ಹೇಳಬೇಡಿ ಎಂದು ನನ್ನನ್ನೂ ಬೇಡಿಕೊಂಡಳು, ಆದರೂ ಹೇಳುತ್ತಿದ್ದೇನೆ. ಸೋಮವಾರ ಅವಳನ್ನು ಮೈಸೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವಳು ಶಾಲೆ ಬಿಡುವುದಿಲ್ಲ, ನಾನು ಬಿಡಿಸಲು ಬಿಡುವುದಿಲ್ಲ. ಮುಂದೆ ಏನಾಗಬೇಕು ಅಂತಿದ್ದೀಯ ಎಂದು ನನ್ನನ್ನು ಅವತ್ತು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ ಶಂಶು. ನೀನು ಇದನ್ನು ಓದಿದ ದಿನವೇ ಫೋನ್ ಮಾಡಿ ಅವಳನ್ನು ಕೇಳು.