ನಿಂಬೆರಸಕ್ಕೆ ಬಿದ್ದ ನೀಲ

ನವೆಂಬರ್ 4, ಮಂಗಳವಾರ
ಬೆಳಗಿನ ಮಾತ್ರೆ ಆಯಿತು. ಉಪ್ಪು ಕಡಿಮೆಯಾದ ಸಾರಿಗೆ ಇವರದು ಎಂದಿನ ಮುಖ. ವರ್ಷಗಟ್ಟಲೆ ಬೆಟ್ಟದ ರೂಟಿನಲ್ಲಿ ಬಸ್ ಓಡಿಸಿದವರಿಗೆ ಈಗ ಹನೂರಿನ ನಮ್ಮ ಮನೆ ಮೆಟ್ಟಿಲೇ ಏದುಸಿರು. ಮೈಸೂರಿನ ಡಾಕ್ಟರು ಹತ್ತೊಂಬತ್ತಕ್ಕೆ ಬೈಪಾಸ್ ಅಂದಿದ್ದಾರೆ. ತಡ ಮಾಡಬೇಡಿ ಅಂತಲೂ ಅಂದಿದ್ದಾರೆ. ಇವರು ಮಾತ್ರ — "ಶನಿ ಕಾಟ ಕಣಮ್ಮಿ. ನೀಲದುಂಗ್ರ ಆಕ್ದೆ ನಾ ಟೇಬಲ್ ಮ್ಯಾಲೆ ಮನಿಕ್ಕಳಾಕಿಲ್ಲ."
ಯಳಂದೂರಿನ ಜೋಯಿಸರ ಮಾತು. ಐದು ಕ್ಯಾರೆಟ್‌ಗೆ ಕಮ್ಮಿ ಇರಬಾರದಂತೆ. ಸಿಟ್ಟು ಬಂತು. ಆದರೂ ನಾಳೆ ಸ್ಕೂಲಿಗೆ ರಜೆ ಹಾಕಬೇಕು.

ನವೆಂಬರ್ 5
ಕೊಳ್ಳೇಗಾಲ. ನಟರಾಜು ಅವರ ಚಿನ್ನಬೆಳ್ಳಿ ಅಂಗಡಿ. ಎರಡು ನೀಲ ತೋರಿಸಿದರು. ಒಂದು ಕಡಲೆಕಾಳಿನಷ್ಟು, ಅಸಲಿ ಅಂತ ಲ್ಯಾಬ್ ಕಾರ್ಡ್ ಇದೆ. ಇನ್ನೊಂದು ಹುಣಸೆಬೀಜದಷ್ಟು, ಕಡುನೀಲಿ. ಬೆಲೆ ಹೆಚ್ಚುಕಮ್ಮಿ ಒಂದೇ. ಯಾಕೆ ಅಂದೆ.
"ದೊಡ್ಡದ್ರಲ್ಲಿ ಬಿರುಕವೆ ಕಣ್ರಿ ಮೇಡಂ. ಗಾಜು ಕರಗ್ಸಿ ತುಂಬವ್ರೆ. ಬರೀ ನೀರಲ್ಲಿ ತೊಳೀರಿ, ಜ್ವಾಪಾನ."
ಅರ್ಧ ಕೇಳಿಸಿಕೊಂಡೆ. ತಲೆಯಲ್ಲಿ ಐದು ಕ್ಯಾರೆಟ್. ದೊಡ್ಡದನ್ನೇ ತಂದೆ.

ನವೆಂಬರ್ 8, ಶನಿವಾರ
ನೀಲ ಎಲ್ಲರಿಗೂ ಆಗಿಬರುವುದಿಲ್ಲವಂತೆ, ಪರೀಕ್ಷೆ ಮಾಡಬೇಕಂತೆ. ಮೂರು ರಾತ್ರಿ ನೀಲಿ ಬಟ್ಟೆಯಲ್ಲಿ ಕಟ್ಟಿ ಇವರ ದಿಂಬಿನಡಿ ಇಟ್ಟೆ. ಕೆಟ್ಟ ಕನಸಿಲ್ಲ. ಒಳ್ಳೆ ನಿದ್ದೆ... ಇವರಿಗೆ. ಈವತ್ತು ಬೆಳ್ಳಿಯಲ್ಲಿ ಕಟ್ಟಿಸಿ, ಹಾಲಲ್ಲಿ ತೊಳೆದು ನಡುಬೆರಳಿಗೆ ಹಾಕಿದ್ದಾಯಿತು. ಕಿಟಕಿಗೆ ಹಿಡಿದು ಹಿಡಿದು ನೋಡಿದರು.
"ಆಪ್ರೇಸನ್‌ಗೆ ಓಗವ. ಬ್ಯಾಗ್ ತುಂಬು."
ಕಲ್ಲಿಗೆ ನಾನೇ ಕೈಮುಗಿದೆ. ನಗು ಬಂತು, ಅಳುವೂ ಬಂತು.

ನವೆಂಬರ್ 17, ಸೋಮವಾರ
ನಾಳೆ ಅಡ್ಮಿಟ್. ಬೆವರಿಗೆ ಬೆಳ್ಳಿ ಕಪ್ಪಾಗಿತ್ತು. ಆಸ್ಪತ್ರೆಗೆ ಹೋಗುವಾಗ ಹೊಳೆಯಲಿ ಅಂತ ನಿನ್ನೆ ಉಂಗುರ ಬಿಚ್ಚಿಸಿಕೊಂಡು ಉಪ್ಪು, ನಿಂಬೆರಸದಲ್ಲಿ ನೆನೆ ಹಾಕಿದ್ದೆ — ದೇವರ ದೀಪಕ್ಕೆ ಮಾಡುವ ಹಾಗೆ. ಬೆಳಗ್ಗೆ ಬೆಳ್ಳಿ ಫಳಫಳ. ಕಲ್ಲಿನ ತುಂಬ ಬಿಳಿ ಗೀರು, ಕಣ್ಣಿಗೆ ಪೊರೆ ಬಂದ ಹಾಗೆ. ಮುಚ್ಚಿಡುವ ಮೊದಲೇ ನೋಡಿಬಿಟ್ಟರು.
"ಶನಿ ಒಪ್ಲಿಲ್ಲ. ನಾ ಬರಾಕಿಲ್ಲ."

ಅದೇ ದಿನ, ಸಂಜೆ
ನಾನೇ ಮಾಡಿದ್ದು ಅಂತ ಹೇಳಿದೆ. ನಂಬಲಿಲ್ಲ. ನಟರಾಜುಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.
"ಹುಳಿ ಗಾಜ್ನ ತಿಂದದೆ, ಶಾಂತರಾಜಣ್ಣ. ಶನಿ ಏನೂ ಮಾಡಿಲ್ಲ."
ಇವರು ನನ್ನ ತಲೆ ಸವರಿದರು. "ನನ್ನ ಕರ್ಕ ಓಗಕೆ ಎಲ್ರೂ ಸೇರ್ಕಂಡು ಸುಳ್ಳು ಯೋಳ್ತಿದ್ದೀರಿ. ಬುಡು."
ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 18
ಸತ್ಯ ನಡೆಯಲಿಲ್ಲ. ಸುಳ್ಳು ಹೇಳಿದೆ — "ನಿಮಗೆ ಬರೋ ಪೆಟ್ಟನ್ನ ಆ ಕಲ್ಲೇ ತಗೊಂಡಿದೆ ರೀ." ಉಂಗುರ ತೆಗೆದುಕೊಂಡು ಮತ್ತೆ ಕಿಟಕಿಗೆ ಹಿಡಿದರು.
"ಅಂಗಂತೀಯಾ? ಶನಿವಾರ ಯಳಂದೂರ್‌ಗೋಗಿ ಜೋಯಿಸ್ರನ್ನೇ ಕೇಳವ."
ಕಣ್ಣಲ್ಲಿ ಆಸೆ ಕಂಡಿತು. ಆಸ್ಪತ್ರೆಗೆ ಫೋನ್ ಮಾಡಿ ಗೋಗರೆದು ಡಿಸೆಂಬರ್ ಮೂರಕ್ಕೆ ಡೇಟ್ ಹಾಕಿಸಿದೆ.

ಡಿಸೆಂಬರ್ 1, ಸೋಮವಾರ
ಬೆಳಗ್ಗೆ ಮೈಸೂರಿನಿಂದ ಫೋನ್. ನಾಡಿದ್ದು ಆಪರೇಷನ್, ಮರೀಬೇಡಿ ಅಂದಳು ಹುಡುಗಿ. ಹೇಳಿದೆ. ಸಾರಿ ಮೇಡಂ, ಲಿಸ್ಟಿಂದ ಅವರ ಹೆಸರು ತೆಗೀತೀನಿ ಅಂದಳು.
ಆ ಶನಿವಾರ ಜೋಯಿಸರಲ್ಲಿಗೆ ಅಂತ ಬಸ್ ಸ್ಟ್ಯಾಂಡ್‌ವರೆಗೂ ನಡೆದರು. ಡ್ರೈವರ್‌ಗೆ ಕೈ ಎತ್ತಿ, ಮೆಟ್ಟಿಲ ಮೇಲೆ ಕಾಲಿಟ್ಟವರು ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ನಾನು ಹಿಂದೆಯೇ ಇದ್ದೆ. ಉಂಗುರ ಅವರ ಜೇಬಿನಲ್ಲಿತ್ತು. ನನ್ನ ಸುಳ್ಳನ್ನು ನಂಬಿಕೊಂಡೇ ಹೊರಟಿದ್ದರು. ಇದನ್ನು ಯಾರ ಹತ್ತಿರ ಹೇಳಲಿ?
ನಾಳೆ ಹನ್ನೊಂದನೇ ದಿನದ ಕಾರ್ಯ. ನಾದಿನಿ ಗೋವಿಂದಮ್ಮ ಕಪ್ಪಾದ ದೀಪಗಳನ್ನು ತಂದು ಮುಂದಿಟ್ಟಳು. "ವಸಿ ತೊಳ್ದ್‌ಬುಡು ಅತ್ತಿಗೆ." ಪಕ್ಕದಲ್ಲಿ ನಿಂಬೆಹಣ್ಣು.
ಹೆಚ್ಚಿದೆ. ಹಿಂಡದೆ ಪಕ್ಕಕ್ಕಿಟ್ಟು, ದೀಪಗಳನ್ನು ಬರೀ ನೀರಲ್ಲಿ ತೊಳೆದೆ.