ಒದೆಯಿಲ್ಲದ ವೈದ್ಯ

ಅತ್ತೆ,

ಕೊಳ್ಳೇಗಾಲದಿಂದ ಈ ತಮಿಳು ಸೀಮೆಗೆ ನಾನು ತಂದ ಈ ಕನ್ನಡ ಅಕ್ಷರ ನೀವು ಬದುಕಿದ್ದಾಗಲೂ ನಿಮಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಈ ಕಾಗದ ತಲುಪದಿದ್ದರೂ ದೊಡ್ಡ ನಷ್ಟವೇನಿಲ್ಲ.

ಮಗ್ಗಕ್ಕೆ ಬಗ್ಗಿ ಬಗ್ಗಿ ನನ್ನ ಸೊಂಟವೂ ಕುಗ್ಗಿದೆ. ಇವತ್ತು ಕೊಯಮತ್ತೂರಿನ ಡಾಕ್ಟರು ಸ್ಕ್ಯಾನ್ ನೋಡಿ, ಬೆನ್ನಿನ ಡಿಸ್ಕು ಜಾರಿದೆ, ಆಪರೇಷನ್, ಬೆನ್ನಿಗೆ ಇಂಜೆಕ್ಷನ್, ಇಲ್ಲವೇ ದಿನವೂ ವ್ಯಾಯಾಮ ಎಂದರು. ಕಾಲಲ್ಲಿ ಬಲವಿದೆ, ಅವಸರವಿಲ್ಲ, ನೀವೇ ಯೋಚಿಸಿ ಹೇಳಿ ಅಂದರು.

ಬಸ್ಸಿನಲ್ಲಿ ನಿಮ್ಮ ಮಗ ಇನ್ನೊಂದು ದಾರಿ ಸೇರಿಸಿದರು. "ನಮ್ ಅಭಿನಯಾ ಕಾಲು ಮುಂದಾಗಿ ಹುಟ್ಟಿದವಳಲ್ವಾ? ಅಂಥವ್ರು ಸೊಂಟಕ್ಕೆ ಒಂದ್ ಒದೆ ಕೊಟ್ರೆ ಸರಿಯಾ ಹೋಯ್ತದೆ. ಅಮ್ಮ ಬೀದಿಗೆಲ್ಲಾ ಅದೇ ವೈದ್ಯ ಮಾಡ್ಸಿದ್ರು."

ಪಕ್ಕದಲ್ಲೇ ಇದ್ದ ನಿಮ್ಮ ಮೊಮ್ಮಗಳು ಈಗ ಫಿಸಿಯೋಥೆರಪಿ ಓದಿದವಳು. "ಐಯೋ, ಸುಮ್ಮಾ ಇರಿಪ್ಪಾ! ಡಿಸ್ಕು ಏನು ಕದವಾ, ಒದ್ರೆ ಸೇರ್ಕೊಳ್ಳೋಕೆ?" ಅಂದಳು.

ನಾನು ವ್ಯಾಯಾಮವನ್ನೇ ಆರಿಸಿಕೊಂಡೆ. ಸಂಜೆ ಅವಳು ಚಾಪೆ ಹಾಸಿ, ನನ್ನನ್ನು ಮಂಡಿ ಮಡಚಿ ಮಲಗಿಸಿ, ಮೆಲ್ಲಗೆ ಸೊಂಟ ಎತ್ತಿಸಿದಳು. ಮಗ್ಗ ಬಿಟ್ಟು ಆಗಾಗ ಎದ್ದು ನಡೆಯಬೇಕಂತೆ. ನೋವು ಇನ್ನೂ ಇದೆ, ಅದರ ಜಂಬ ಮಾತ್ರ ಸ್ವಲ್ಪ ಇಳಿದಿದೆ.

ನೀವು ಸೊಂಟ ಹಿಡಿದುಕೊಂಡೇ ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಏಳುತ್ತಿದ್ದಿರಿ. ಅಭಿನಯಾಳ ಪುಟ್ಟ ಕಾಲನ್ನು ಊರವರ ಬೆನ್ನಿಗೆಲ್ಲ ಮುಟ್ಟಿಸಿದಿರಿ. ನಿಮ್ಮ ಬೆನ್ನಿಗೆ ಏನು ಬೇಕೆಂದು ಈ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೂ "ಮೊದ್ಲು ಈ ಸೀರೆ ಮುಗೀಲಿ" ಅನ್ನುತ್ತಿದ್ದಿರೇನೋ.

ನನ್ನ ಸೀರೆ ಅರ್ಧಕ್ಕೇ ನಿಂತಿದೆ, ಅತ್ತೆ. ನಾನು ನಡೆಯಲು ಹೊರಟೆ.